ವೇಷಧಾರಿ ಕೀಟಗಳ ಗುಟ್ಟು ಬಿಡಿಸಿದ ಬೇಟ್ಸ್

ಮಕ್ಕಳೇ, ವೇಷ ಹಾಕುವುದು ನಾಟಕದವರಿಗೆ, ಯಕ್ಷಗಾನದವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೀರಾ? ಕೀಟಗಳಲ್ಲೂ ವೇಷಧಾರಿಗಳಿವೆ. ಹಳದಿ-ಕಪ್ಪು ಪಟ್ಟೆ ಹೊತ್ತು ಕಣಜದಂತೆ ಕಾಣುವ ಎಷ್ಟೋ ಕೀಟಗಳು ಕಣಜಗಳೇ ಅಲ್ಲ. ಅವು ಕುಟುಕಲು ಕೊಂಡಿಯೇ ಇಲ್ಲದ ನೊಣಗಳು! ಅವಕ್ಕೆ ಈ ವೇಷವೇಕೆ? ಇಂಥ ಪ್ರಶ್ನೆಗೆ ಮೊದಲು ಸರಿಯಾದ ಉತ್ತರ ಕೊಟ್ಟವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ದುಡಿಯುತ್ತಲೇ ಓದಿದ ಹುಡುಗ

ಬೇಟ್ಸ್ ಹುಟ್ಟಿದ್ದು 1825ರ ಫೆಬ್ರವರಿ 8ರಂದು, ಲೆಸ್ಟರ್ ಎಂಬ ಊರಿನಲ್ಲಿ. ಕಾಲುಚೀಲಗಳ ಹೆಣಿಗೆಗೆ ಆ ಊರು ಹೆಸರಾಗಿತ್ತು. ತಂದೆಯದೂ ಅದೇ ಉದ್ಯೋಗ. ಸುಮಾರು 13ನೇ ವಯಸ್ಸಿಗೆ ಬೇಟ್ಸ್ ಶಾಲೆ ಬಿಡಬೇಕಾಯಿತು. ಕಾಲುಚೀಲ ತಯಾರಿಸುವವರೊಬ್ಬರ ಬಳಿ ಕೆಲಸ ಕಲಿಯಲು ಸೇರಿಸಿದರು. ಬೆಳಿಗ್ಗೆ 7 ಗಂಟೆಯಿಂದ ರಾತ್ರಿ 8 ಗಂಟೆಯವರೆಗೆ ದುಡಿಮೆ. ಉಗ್ರಾಣ ಗುಡಿಸುವುದೂ ಅವರ ಕೆಲಸವೇ.

ಆದರೂ ಓದು ನಿಲ್ಲಲಿಲ್ಲ. ದುಡಿಯುವವರಿಗಾಗಿ ನಡೆಯುತ್ತಿದ್ದ ಸಂಜೆಯ ತರಗತಿಗಳಿಗೆ ಹೋದರು. ಅಲ್ಲಿನ ಗ್ರಂಥಾಲಯದ ಪುಸ್ತಕಗಳನ್ನು ಓದಿದರು. ರಜೆ ಸಿಕ್ಕರೆ ತಮ್ಮನೊಡನೆ ಹತ್ತಿರದ ಕಾಡಿಗೆ ಹೋಗಿ ಕೀಟ ಹಿಡಿಯುತ್ತಿದ್ದರು. 1843ರಲ್ಲಿ, ಇನ್ನೂ 18 ವರ್ಷದವರಿದ್ದಾಗಲೇ, ಜೀರುಂಡೆಗಳ ಬಗ್ಗೆ ಅವರು ಬರೆದ ಪುಟ್ಟ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು.

ಆ ದಿನಗಳಲ್ಲೇ ಅವರಿಗೊಬ್ಬ ಗೆಳೆಯ ಸಿಕ್ಕರು. ಲೆಸ್ಟರಿನ ಶಾಲೆಯೊಂದಕ್ಕೆ ಶಿಕ್ಷಕರಾಗಿ ಬಂದಿದ್ದ ಆಲ್‌ಫ್ರೆಡ್ ರಸೆಲ್ ವಾಲೇಸ್. ಅವರಿಗೂ ಕೀಟಗಳ ಹುಚ್ಚು ಹಿಡಿಸಿದವರು ಬೇಟ್ಸ್! ಇಷ್ಟೊಂದು ಬಗೆಯ ಜೀವಿಗಳು ಭೂಮಿಯ ಮೇಲೆ ಹೇಗೆ ಬಂದವು? ಇಬ್ಬರನ್ನೂ ಕಾಡಿದ್ದು ಇದೇ ಪ್ರಶ್ನೆ. ಉತ್ತರ ಹುಡುಕಲು ದೂರದ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿಗೆ ಹೋಗಲು ನಿರ್ಧರಿಸಿದರು. ಖರ್ಚಿಗೆ ಹಣ? ಹಿಡಿದ ಕೀಟ, ಹಕ್ಕಿಗಳನ್ನು ಲಂಡನ್ನಿಗೆ ಕಳಿಸುವುದು, ಅಲ್ಲಿ ಅವು ಮಾರಾಟವಾಗಿ ಬಂದ ಹಣದಿಂದ ಬದುಕುವುದು. ಹೀಗೆ 1848ರ ಏಪ್ರಿಲ್‌ನಲ್ಲಿ ಹಡಗು ಹತ್ತಿ, ಮೇ 28ರಂದು ಬ್ರೆಜಿಲ್ ದೇಶದ ಪಾರಾ ಬಂದರು ತಲುಪಿದರು.

ಕಾಡಿನಲ್ಲಿ ಹನ್ನೊಂದು ವರ್ಷ

ವಾಲೇಸ್ 1852ರಲ್ಲಿ ಊರಿಗೆ ಹೊರಟರು. ದಾರಿಯಲ್ಲಿ ಹಡಗಿಗೆ ಬೆಂಕಿ ಬಿದ್ದು ಅವರ ಸಂಗ್ರಹದ ಬಹುಪಾಲು ನಾಶವಾಯಿತು. ಬೇಟ್ಸ್ ಮಾತ್ರ ಕಾಡಿನಲ್ಲೇ ಉಳಿದರು. ಒಂದೆರಡು ವರ್ಷವಲ್ಲ, ಒಟ್ಟು 11 ವರ್ಷ!

ಅದು ಸುಖದ ಬದುಕಲ್ಲ. ಹಳದಿ ಜ್ವರ ಬಂದಿತು. ಹೊಟ್ಟೆ ತುಂಬ ಊಟವಿಲ್ಲದ ದಿನಗಳೂ ಇದ್ದವು. ಒಮ್ಮೆ ಇಡೀ ವರ್ಷ ಊರಿನಿಂದ ಕಾಗದವೂ ಬರಲಿಲ್ಲ, ಹಣವೂ ಬರಲಿಲ್ಲ. ಬಟ್ಟೆ ಹರಿದು ಚಿಂದಿಯಾಯಿತು. ಕಾಲಿಗೆ ಬೂಟಿಲ್ಲದೆ ಬರಿಗಾಲಿನಲ್ಲೇ ಕಾಡು ಸುತ್ತಿದರು. ಇದ್ದ ಚಿಲ್ಲರೆ ಹಣವನ್ನೂ ಕಳ್ಳರು ಕದ್ದರು. ಆದರೂ ಅವರು ಕೀಟ ಹಿಡಿಯುವುದನ್ನು, ನೋಡಿದ್ದನ್ನು ಬರೆದಿಡುವುದನ್ನು ಬಿಡಲಿಲ್ಲ.

ಒಟ್ಟು 14,712 ಬಗೆಯ ಜೀವಿಗಳನ್ನು ಅವರು ಸಂಗ್ರಹಿಸಿದರು. ಅವುಗಳಲ್ಲಿ ಸುಮಾರು 14,000 ಕೀಟಗಳೇ. ಸುಮಾರು 8,000 ಬಗೆಗಳು ಅಲ್ಲಿಯವರೆಗೆ ವಿಜ್ಞಾನಿಗಳಿಗೆ ಗೊತ್ತೇ ಇರಲಿಲ್ಲ.

ಕಾಲು ಎಣಿಸಿದಾಗ ಸಿಕ್ಕ ಗುಟ್ಟು

ಅಮೆಜಾನ್ ಕಾಡಿನಲ್ಲಿ ಗಾಢ ಬಣ್ಣದ, ಉದ್ದ ರೆಕ್ಕೆಯ ಚಿಟ್ಟೆಗಳು ಗುಂಪುಗುಂಪಾಗಿ ನಿಧಾನವಾಗಿ ಹಾರುತ್ತಿದ್ದವು. ಹಿಡಿಯುವುದು ಬಲು ಸುಲಭ. ಆದರೂ ಹಕ್ಕಿಗಳು ಅವುಗಳ ಬೆನ್ನು ಹತ್ತಿದ್ದನ್ನು ಬೇಟ್ಸ್ ನೋಡಲಿಲ್ಲ. ಬಹುಶಃ ಅವುಗಳ ರುಚಿ ಹಕ್ಕಿಗಳಿಗೆ ಸೇರದು ಎಂದು ಊಹಿಸಿದರು.

ಆದರೆ ಹಿಡಿದ ಚಿಟ್ಟೆಗಳನ್ನು ಹತ್ತಿರದಿಂದ ನೋಡಿದಾಗ ಆಶ್ಚರ್ಯ ಕಾದಿತ್ತು. ಆ ಗುಂಪಿನ ನಡುವೆ ಅಪರೂಪಕ್ಕೊಂದು ಬೇರೆಯೇ ಜಾತಿಯ ಚಿಟ್ಟೆ ಇರುತ್ತಿತ್ತು! ಬಣ್ಣ ಅದೇ, ಚುಕ್ಕೆ ಅದೇ, ಹಾರುವ ಬಗೆಯೂ ಅದೇ. ಹಾರುವಾಗ ಎರಡನ್ನೂ ಬೇರೆ ಮಾಡಲು ಬೇಟ್ಸ್‌ಗೂ ಆಗುತ್ತಿರಲಿಲ್ಲ. ಆದರೆ ಕಾಲು ನೋಡಿದರೆ ಗುಟ್ಟು ಬಯಲು. ಮೊದಲ ಜಾತಿಯಲ್ಲಿ ಮುಂದಿನ ಎರಡು ಕಾಲುಗಳು ಕುಗ್ಗಿಹೋಗಿವೆ. ನಡೆಯಲು ನಾಲ್ಕೇ ಕಾಲು. ವೇಷಧಾರಿಗೆ ಆರು ಕಾಲುಗಳೂ ಚೆನ್ನಾಗಿವೆ. ವೇಷಧಾರಿ ನಮ್ಮ ತೋಟದ ಬಿಳಿ, ಹಳದಿ ಚಿಟ್ಟೆಗಳ ಕುಟುಂಬದ್ದು!

ಇನ್ನೂ ಒಂದು ವಿಶೇಷ. ನದಿಯುದ್ದಕ್ಕೂ ಜಾಗ ಬದಲಾದಂತೆ ರುಚಿ ಕೆಟ್ಟ ಚಿಟ್ಟೆಗಳ ಬಣ್ಣ ಬದಲಾಗುತ್ತಿತ್ತು. ಅದರ ಜೊತೆಗೆ ವೇಷಧಾರಿಯ ಬಣ್ಣವೂ ಬದಲಾಗುತ್ತಿತ್ತು! ಯಾವ ಚಿಟ್ಟೆ ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದಲೇ ಈ ಸಂಗತಿ ಬೆಳಕಿಗೆ ಬಂತು.

ಬೇಟ್ಸ್ 1859ರಲ್ಲಿ ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ಚಾರ್ಲ್ಸ್ ಡಾರ್ವಿನ್ ಜೀವವಿಕಾಸದ ಬಗ್ಗೆ ಪ್ರಸಿದ್ಧ ಪುಸ್ತಕ ಪ್ರಕಟಿಸಿದರು. ಬದುಕಲು ನೆರವಾಗುವ ಗುಣವುಳ್ಳ ಜೀವಿಗಳು ಉಳಿದು ಮರಿ ಮಾಡುತ್ತವೆ, ಆ ಗುಣ ಮುಂದಿನ ಪೀಳಿಗೆಗೆ ಸಾಗುತ್ತದೆ ಎಂಬುದು ಅದರ ಸಾರ. ಇದಕ್ಕೆ ಪುರಾವೆ ಎಲ್ಲಿ ಎಂದು ಹಲವರು ಕೇಳುತ್ತಿದ್ದರು. ಪುರಾವೆ ಬೇಟ್ಸ್ ಅವರ ಪೆಟ್ಟಿಗೆಗಳಲ್ಲಿತ್ತು!

1861ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಅವರು ತಮ್ಮ ವಿವರಣೆ ಇಟ್ಟರು. ರುಚಿಯಾದ ಚಿಟ್ಟೆಗಳಲ್ಲಿ ಕೆಲವು ಆಕಸ್ಮಿಕವಾಗಿ ಕೆಟ್ಟ ರುಚಿಯ ಚಿಟ್ಟೆಯನ್ನು ಸ್ವಲ್ಪ ಹೋಲುತ್ತಿದ್ದವು. ಹಕ್ಕಿಗಳು ಅವನ್ನು ಬಿಟ್ಟು ಉಳಿದವನ್ನು ತಿಂದವು. ಬದುಕಿದವುಗಳ ಮರಿಗಳಲ್ಲೂ ಇನ್ನಷ್ಟು ಹೋಲುವಂಥವೇ ಉಳಿದವು. ಸಾವಿರಾರು ಪೀಳಿಗೆ ಹೀಗೆ ನಡೆದು ವೇಷ ಪಕ್ಕಾ ಆಯಿತು. ಅಂದರೆ ಚಿಟ್ಟೆ ಬೇಕೆಂದು ವೇಷ ಹಾಕಲಿಲ್ಲ. ವೇಷವನ್ನು ತಿದ್ದಿ ತೀಡಿದ್ದು ಹಕ್ಕಿಗಳ ಕಣ್ಣು! ಡಾರ್ವಿನ್ ಇದನ್ನು ಬಹಳವಾಗಿ ಮೆಚ್ಚಿದರು. ಇಂದು ಇದನ್ನು ಬೇಟ್ಸಿಯನ್ ಅನುಕರಣೆ ಎನ್ನುತ್ತಾರೆ.

ಕಣಜದ ವೇಷದ ನೊಣಗಳ ಕತೆಯೂ ಇದೇ. ಒಮ್ಮೆ ಕಣಜದಿಂದ ಕುಟುಕಿಸಿಕೊಂಡ ಹಕ್ಕಿ ಹಳದಿ-ಕಪ್ಪು ಪಟ್ಟೆ ಕಂಡರೆ ದೂರ ಸರಿಯುತ್ತದೆ. ಲಾಭ ನೊಣಕ್ಕೆ! ಬೇಟ್ಸ್ ತೀರಿಕೊಂಡ 70 ವರ್ಷಗಳ ನಂತರ, 1962ರಲ್ಲಿ ಅಮೆರಿಕದ ಜೇನ್ ಮತ್ತು ಲಿಂಕನ್ ಬ್ರೌವರ್ ಕಪ್ಪೆಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಜೇನುನೊಣದಿಂದ ಕುಟುಕಿಸಿಕೊಂಡ ಕಪ್ಪೆಗಳು, ಜೇನುನೊಣದ ವೇಷದ ಬಡ ನೊಣವನ್ನೂ ಬೇಡವೆಂದವು. ಆ ಅನುಭವವಿಲ್ಲದ ಕಪ್ಪೆಗಳು ಗುಳುಂ ಎಂದು ನುಂಗಿದವು.

ಕೊನೆಯ ದಿನಗಳು

1863ರಲ್ಲಿ ಬೇಟ್ಸ್ ಅಮೆಜಾನ್ ಅನುಭವಗಳ ಪುಸ್ತಕ ಪ್ರಕಟಿಸಿದರು. ಬರೆಯಲು ಒತ್ತಾಯಿಸಿದವರಲ್ಲಿ ಡಾರ್ವಿನ್ ಒಬ್ಬರು. 1864ರಿಂದ ಕೊನೆಯವರೆಗೂ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿ ದುಡಿದರು. 1881ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಸಿಕ್ಕಿತು. ಒಂದು ಕಾಲಕ್ಕೆ ಉಗ್ರಾಣ ಗುಡಿಸಿದ್ದ ಹುಡುಗ ದೊಡ್ಡ ವಿಜ್ಞಾನಿಗಳ ಸಾಲಿನಲ್ಲಿ ಕುಳಿತರು. 1892ರ ಫೆಬ್ರವರಿ 16ರಂದು ನಿಧನರಾದರು.

ನೀವೂ ಗುರುತಿಸಿ: ಕಣಜವೋ, ನೊಣವೋ?

ಕೊತ್ತಂಬರಿ, ಸಾಸಿವೆ ಹೂ ಬಿಟ್ಟಾಗ ಅವುಗಳ ಮೇಲೆ ಪಟ್ಟೆಪಟ್ಟೆಯ ಸಿರ್ಫಿಡ್ ನೊಣಗಳು ಬರುತ್ತವೆ. ಎರಡು ಅಡಿ ದೂರ ನಿಂತು ನೋಡಿ.

1. ರೆಕ್ಕೆ: ನೊಣಕ್ಕೆ ಎರಡು, ಕಣಜಕ್ಕೆ ನಾಲ್ಕು. ಆದರೆ ಕಣಜದ ಒಂದೊಂದು ಬದಿಯ ಎರಡು ರೆಕ್ಕೆಗಳು ಕೊಕ್ಕೆಯಿಂದ ಜೋಡಿಸಿಕೊಂಡು ಒಂದೇ ಎಂಬಂತೆ ಕಾಣಬಹುದು. ಹಾಗಾಗಿ ಇದೊಂದನ್ನೇ ನಂಬಬೇಡಿ.
2. ಕಣ್ಣು: ನೊಣದ ಕಣ್ಣುಗಳು ತಲೆಯ ಬಹುಭಾಗ ತುಂಬಿರುತ್ತವೆ. ಕಣಜದ ಕಣ್ಣುಗಳು ತಲೆಯ ಎರಡು ಬದಿಗೆ ಇರುತ್ತವೆ.
3. ಮೀಸೆ: ಈ ನೊಣಗಳ ಮೀಸೆ ಮೋಟು. ಕಣಜದ್ದು ಉದ್ದ.
4. ಸೊಂಟ: ಕಣಜದ ಸೊಂಟ ಸಣ್ಣ. ನೊಣಕ್ಕೆ ಸಾಮಾನ್ಯವಾಗಿ ಸೊಂಟವೇ ಕಾಣದು.
5. ಹಾರಾಟ: ಸಿರ್ಫಿಡ್ ನೊಣ ಗಾಳಿಯಲ್ಲಿ ಒಂದೇ ಕಡೆ ನಿಂತು, ತಟಕ್ಕನೆ ಪಕ್ಕಕ್ಕೆ ಸರಿಯುತ್ತದೆ.

ನೋಡಿದ ದಿನ, ಜಾಗ, ಹೂವಿನ ಹೆಸರನ್ನು ಬೇಟ್ಸ್‌ರಂತೆ ಪುಸ್ತಕದಲ್ಲಿ ಬರೆದಿಡಿ. ಸಿರ್ಫಿಡ್ ನೊಣ ಕಂಡರೆ ಕೊಲ್ಲಬೇಡಿ. ಹಲವು ಜಾತಿಗಳ ಮರಿಹುಳುಗಳು ಬೆಳೆಯ ರಸ ಹೀರುವ ಸಸ್ಯಹೇನುಗಳನ್ನು ತಿನ್ನುತ್ತವೆ. ಅವು ರೈತನ ಗೆಳೆಯರು. ಗುರುತು ಸಿಗದಿದ್ದರೆ ಮಾತ್ರ ಅದು ಕಣಜವೇ ಎಂದು ತಿಳಿದು ಮುಟ್ಟದೆ ಬಿಡಿ. ಹಕ್ಕಿಗಳು ಮಾಡುವುದೂ ಅದನ್ನೇ!