ಹಣ ಡಬಲ್ ಮಾಡುವ ಕ್ರಿಪ್ಟೊ ಸ್ಕೀಮ್ ನಿಜವೇ? ಚಾರ್ಲ್ಸ್ ಪೊಂಜಿಯ ಕಥೆ ಓದಿ

ಎಲ್ಲವೂ ಬ್ಲಾಕ್‌ಚೈನ್‌ನಲ್ಲಿದೆ, ಮೋಸ ಸಾಧ್ಯವೇ ಇಲ್ಲ, ಮೂರು ತಿಂಗಳಲ್ಲಿ ಹಣ ಡಬಲ್. ಇಂಥ ಫಾರ್ವರ್ಡ್ ನಿಮಗೂ ಬಂದಿದೆಯೇ? ರಾಯಚೂರಿನ ಸಂಬಳವಿರಲಿ, ಮಾನ್ವಿಯ ಭತ್ತದ ದುಡ್ಡಿರಲಿ, ದೇವದುರ್ಗದ ಹತ್ತಿಯ ದುಡ್ಡಿರಲಿ, ಹಾಕುವ ಮೊದಲು ಪೊಂಜಿ ಯಾರೆಂದು ತಿಳಿಯೋಣ.

ಚಾರ್ಲ್ಸ್ ಪೊಂಜಿ ಹುಟ್ಟಿದ್ದು 1882ರಲ್ಲಿ, ಇಟಲಿಯ ಲೂಗೋದಲ್ಲಿ. 1903ರಲ್ಲಿ ಅಮೆರಿಕದ ಬಾಸ್ಟನ್‌ಗೆ ಬಂದ. ಮುಂದೆ ಕೆನಡಾದಲ್ಲಿ ನಕಲಿ ಚೆಕ್ ಪ್ರಕರಣದಲ್ಲಿ ಜೈಲು ಸೇರಿದ. ಬಿಡುಗಡೆಯಾಗಿ ಬಾಸ್ಟನ್‌ಗೆ ಮರಳಿದವನ ಕಣ್ಣಿಗೆ ಅಂತರರಾಷ್ಟ್ರೀಯ ಅಂಚೆ ಕೂಪನ್ ಬಿತ್ತು. ಇಟಲಿಯಲ್ಲಿ ಅಗ್ಗಕ್ಕೆ ಕೊಂಡ ಕೂಪನ್‌ಗೆ ಅಮೆರಿಕದಲ್ಲಿ ಹೆಚ್ಚು ಬೆಲೆಯ ಅಂಚೆಚೀಟಿ ಸಿಗುತ್ತಿತ್ತು. ಇದನ್ನೇ ತೋರಿಸಿ 1920ರಲ್ಲಿ, 45 ದಿನಕ್ಕೆ ಶೇ 50 ಲಾಭ ಎಂದ. ಜನ ಮುಗಿಬಿದ್ದರು. ಆದರೆ ಅವನು ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡುತ್ತಿದ್ದ.

ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಲೆಕ್ಕ ಹಾಕಿದ. ಪೊಂಜಿಯ ಮಾತು ನಿಜವಾಗಲು 16 ಕೋಟಿ ಕೂಪನ್ ಬೇಕಿತ್ತು, ಚಲಾವಣೆಯಲ್ಲಿದ್ದದ್ದು ಸುಮಾರು 27,000 ಮಾತ್ರ. ಅದೇ ಆಗಸ್ಟ್‌ನಲ್ಲಿ ಪೊಂಜಿ ಸಿಕ್ಕಿಬಿದ್ದ. ಸಾವಿರಾರು ಜನರ ಉಳಿತಾಯ ಮುಳುಗಿತು. ಜೈಲು ಕಂಡು, 1934ರಲ್ಲಿ ಗಡಿಪಾರಾಗಿ, 1949ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಧರ್ಮಾಸ್ಪತ್ರೆಯಲ್ಲಿ ಬಡವನಾಗಿ ಸತ್ತ.

ಅವನು ಸತ್ತರೂ ಅವನ ವಿದ್ಯೆ ಸಾಯಲಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅದೇ ವರ್ಷ ಇಥೀರಿಯಂ ಬ್ಲಾಕ್‌ಚೈನ್‌ನಲ್ಲಿ ಫೇರ್‌ವಿನ್ ಎಂಬ ಸ್ಕೀಮ್‌ನ ವಹಿವಾಟು ಎಷ್ಟು ಹೆಚ್ಚಿತೆಂದರೆ ಇಡೀ ನೆಟ್‌ವರ್ಕ್ ದಟ್ಟಣೆಯಿಂದ ನಿಧಾನವಾಯಿತು. ಅದು ಪೊಂಜಿ ಸ್ಕೀಮ್ ಎಂಬ ಶಂಕೆ ಎದ್ದಿತು.

ಹಾಗಾದರೆ ಬ್ಲಾಕ್‌ಚೈನ್‌ನಲ್ಲಿ ಮೋಸ ಸಾಧ್ಯವಿಲ್ಲವೇ? ಸಾಧ್ಯ. ಬ್ಲಾಕ್‌ಚೈನ್ ಎಂದರೆ ಯಾರೂ ತಿದ್ದಲಾಗದ ಲೆಕ್ಕದ ಪುಸ್ತಕ, ಅಷ್ಟೇ. ಲಾಭ ಎಲ್ಲಿಂದ ಬಂತೆಂದು ಅದು ಗ್ಯಾರಂಟಿ ಕೊಡುವುದಿಲ್ಲ. ಆದರೆ ಪುಸ್ತಕ ತೆರೆದಿರುವುದರಿಂದ ತನಿಖೆ ಮಾಡುವವರು ಬ್ಯಾರನ್‌ನಂತೆಯೇ ಲೆಕ್ಕ ಹಾಕಬಹುದು. ಹೊಸ ಸದಸ್ಯರ ಹಣ ಹಳಬರಿಗೆ ಹೋಗುತ್ತಿದ್ದು, ಬೇರೆ ಆದಾಯವೇ ಇಲ್ಲದಿದ್ದರೆ ಅದು ಪೊಂಜಿ.

ಪಕ್ಕದ ಮನೆಯವರಿಗೆ ಮೊದಲ ಕಂತು ಬಂದಿದೆ ಎಂಬುದು ಪುರಾವೆಯಲ್ಲ. ಪೊಂಜಿಯೂ ಮೊದಲಿನವರಿಗೆ ಕೊಟ್ಟಿದ್ದ. ಲಾಭ ಎಲ್ಲಿಂದ ಎಂದು ಕೇಳಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸ್ಕೀಮ್‌ನ ಮೆಸೇಜ್ ಬಂದ ಗ್ರೂಪ್‌ಗೇ ಇದನ್ನೂ ಕಳುಹಿಸಿ.