ಕೇಳುವ ನುಡಿ, ಆಡುವ ನುಡಿ: ಕಾರ್ಲ್ ವೆರ್ನಿಕೆಯ ಬದುಕು ಮತ್ತು ಚಿಂತನೆ

ಮಿದುಳು ಮತ್ತು ಭಾಷೆಯ ಸಂಬಂಧವನ್ನು ಕುರಿತ ಪರಿಚಯಗ್ರಂಥಗಳಲ್ಲಿ ಎರಡು ಹೆಸರುಗಳು ಸಾಮಾನ್ಯವಾಗಿ ಜೊತೆಯಾಗಿ ಬರುತ್ತವೆ. ಮಾತನಾಡುವ ಕೇಂದ್ರಕ್ಕೆ ಬ್ರೋಕಾನ ಹೆಸರು, ಅರ್ಥ ಗ್ರಹಿಸುವ ಕೇಂದ್ರಕ್ಕೆ ವೆರ್ನಿಕೆಯ ಹೆಸರು ಎಂಬ ಈ ಹಂಚಿಕೆ ಬೋಧನೆಗೆ ಅನುಕೂಲವಾದುದು. ಆದರೆ ಇದರಿಂದ ವೆರ್ನಿಕೆಗೆ ಅನ್ಯಾಯವಾಗಿದೆ. ಅರ್ಥಕ್ಕೆ ಮಿದುಳಿನಲ್ಲಿ ಒಂದು ನಿಶ್ಚಿತ ನೆಲೆಯಿದೆಯೆಂದು ಅವನು ಹೇಳಲೇ ಇಲ್ಲ. ಅವನು ಹೇಳಿದ್ದು ಬೇರೆ. ಅದು ಭಾಷಾಶಾಸ್ತ್ರಕ್ಕೆ ಹೆಚ್ಚು ಹತ್ತಿರವಾದುದು.

ಕಾರ್ಲ್ ವೆರ್ನಿಕೆ 1848ರ ಮೇ 15ರಂದು ಮೇಲಣ ಸೈಲೀಸಿಯಾದ ಟಾರ್ನೊವಿಟ್ಸ್ ಎಂಬ ಗಣಿ ಪಟ್ಟಣದಲ್ಲಿ ಹುಟ್ಟಿದನು. ಅಂದು ಪ್ರಷ್ಯಾಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ತಂದೆ ಬೇಗನೆ ತೀರಿಕೊಂಡುದರಿಂದ ಮನೆಯಲ್ಲಿ ಅನುಕೂಲ ಕಡಿಮೆಯಿತ್ತು. ಬ್ರೆಸ್ಲಾವಿನಲ್ಲಿ ವೈದ್ಯಶಿಕ್ಷಣ ಮುಗಿಸಿದ ಅವನು ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಸೇನಾವೈದ್ಯನಾಗಿ ದುಡಿದನು. ಅನಂತರ ಕೆಲವು ತಿಂಗಳು ವಿಯೆನ್ನಾದಲ್ಲಿ ಥಿಯೊಡೋರ್ ಮೈನೆರ್ಟ್ ಬಳಿ ಮಿದುಳಿನ ರಚನೆಯನ್ನು ಅಭ್ಯಾಸ ಮಾಡಿದನು. ಅವಧಿ ಚಿಕ್ಕದಾದರೂ ಮಿದುಳಿನ ಭಾಗಗಳಿಗಿಂತ ಅವುಗಳನ್ನು ಕೂಡಿಸುವ ನರತಂತುಗಳ ಕಡೆಗೆ ನೋಡುವ ದೃಷ್ಟಿ ಅವನಿಗೆ ದೊರೆತದ್ದು ಅಲ್ಲಿಯೇ.

ಆ ಹೊತ್ತಿಗೆ ಬ್ರೋಕಾನ ಶೋಧ ಯೂರೋಪಿನಾದ್ಯಂತ ಚರ್ಚೆಯಲ್ಲಿತ್ತು. ಒಂದೇ ಒಂದು ಉಚ್ಚಾರಾಂಶವನ್ನು ಮಾತ್ರ ನುಡಿಯಬಲ್ಲವನಾಗಿದ್ದ ರೋಗಿಯೊಬ್ಬನ ಮಿದುಳನ್ನು ಬ್ರೋಕಾ 1861ರಲ್ಲಿ ಪ್ಯಾರಿಸ್ಸಿನಲ್ಲಿ ಪರೀಕ್ಷಿಸಿ, ಎಡಭಾಗದ ಮುಂಪಾಲಿಯಲ್ಲಿ ಹಾನಿಯನ್ನು ತೋರಿಸಿದ್ದನು. ಇಂತಹ ರೋಗಿಗಳಿಗೆ ಮಾತು ಹೊರಡದು, ಆದರೆ ಇತರರ ಮಾತು ಬಹುಮಟ್ಟಿಗೆ ತಿಳಿಯುತ್ತದೆ. ವೆರ್ನಿಕೆಯ ಗಮನ ಸೆಳೆದವರು ಇದಕ್ಕೆ ತದ್ವಿರುದ್ಧವಾದ ರೋಗಿಗಳು. ಅವರ ಮಾತು ಸರಾಗವಾಗಿ, ಕೆಲವೊಮ್ಮೆ ಅತಿಯಾಗಿಯೇ ಹರಿಯುತ್ತದೆ. ಆದರೆ ಪದಗಳು ತಪ್ಪುತ್ತವೆ, ಧ್ವನಿಗಳು ಪಲ್ಲಟಗೊಳ್ಳುತ್ತವೆ, ಕೇಳುವವರಿಗೆ ಅರ್ಥವಾಗುವುದಿಲ್ಲ. ಇತರರು ಆಡಿದ ಮಾತು ಅವರಿಗೂ ತಿಳಿಯುವುದಿಲ್ಲ. ಸದ್ದು ಕೇಳಿಸುತ್ತದೆ, ನುಡಿ ಮಾತ್ರ ಕೇಳಿಸದು. ಕಿವುಡರೆಂದೋ ಬುದ್ಧಿಭ್ರಮಣೆಯವರೆಂದೋ ಇಂತಹವರನ್ನು ಬಗೆಯುವ ಅಪಾಯ ಸದಾ ಇತ್ತು. ಹೀಗೆ ತೀರಿಹೋದ ಒಬ್ಬ ವೃದ್ಧೆಯ ಮಿದುಳಿನಲ್ಲಿ ಎಡಗಡೆಯ ಕಣತಲೆಯ ಒಳಗಿರುವ ಟೆಂಪೊರಲ್ ಪಾಲಿಯ ಮೊದಲ ಮಡಿಕೆ ಹಾನಿಗೊಂಡಿದ್ದುದನ್ನು ವೆರ್ನಿಕೆ ಕಂಡನು.

1874ರಲ್ಲಿ ಬ್ರೆಸ್ಲಾವಿನಿಂದ ಪ್ರಕಟವಾದ ಅವನ ಕೃತಿ ಎಪ್ಪತ್ತು ಪುಟಗಳನ್ನು ಸ್ವಲ್ಪ ಮೀರಿದ ಕಿರುಹೊತ್ತಗೆ. ಆಗ ಅವನಿಗೆ ಇಪ್ಪತ್ತಾರು ವರ್ಷ. ಅದರ ಮಹತ್ತ್ವವಿರುವುದು ಹೊಸದೊಂದು ಕೇಂದ್ರವನ್ನು ಗುರುತಿಸಿದ್ದರಲ್ಲಿ ಅಷ್ಟಾಗಿ ಅಲ್ಲ, ಒಂದು ಪ್ರಶ್ನೆಯನ್ನು ಎತ್ತಿದ್ದರಲ್ಲಿ. ನಾಲಗೆ ತುಟಿಗಳ ಚಲನೆಯ ನೆನಪು ಕಾದಿಟ್ಟ ಮುಂಭಾಗ ಹಾನಿಗೊಳ್ಳದೆ ಉಳಿದಿರುವಾಗ ಈ ರೋಗಿಗಳ ಮಾತು ಕೆಡಬೇಕಾದುದೇಕೆ? ವೆರ್ನಿಕೆಯ ಉತ್ತರ ಹೀಗಿತ್ತು: ಮಗು ಮಾತು ಕಲಿಯುವುದು ಕೇಳಿದ್ದನ್ನು ಅನುಕರಿಸಿ. ಕಲಿತಾದ ಮೇಲೂ ಪದದ ಧ್ವನಿಬಿಂಬ ಹಿಂದೆ ಸರಿಯುವುದಿಲ್ಲ. ಪ್ರತಿಸಲ ನುಡಿಯುವಾಗಲೂ ಅರಿವಿಗೆ ಬಾರದಂತೆ ಎಚ್ಚರಗೊಂಡು ಆಡುವ ನುಡಿಯನ್ನು ತಿದ್ದುತ್ತಿರುತ್ತದೆ. ಆ ಬಿಂಬ ಅಳಿದರೆ ತಿದ್ದುವವರಿಲ್ಲದ ಮಾತು ಹರಿದುಹೋಗುತ್ತದೆ. ಎಂದರೆ ಕೇಳುವಿಕೆ ಆಡುವಿಕೆಯ ಒಳಗೇ ಇದೆ.

ಅರ್ಥದ ಬಗ್ಗೆ ಅವನ ನಿಲುವು ಇನ್ನೂ ಸ್ಪಷ್ಟ. ಒಂದು ವಸ್ತುವಿನ ಕಲ್ಪನೆ ಅದರ ನೋಟ, ಸ್ಪರ್ಶ, ಸದ್ದು ಮೊದಲಾದವುಗಳ ನೆನಪುಗಳು ಕೂಡಿ ಆದದ್ದು. ಅದು ಮಿದುಳಿನ ಹೊರಪದರದಲ್ಲೆಲ್ಲ ಹರಡಿಕೊಂಡಿದೆ. ಟೆಂಪೊರಲ್ ಪಾಲಿಯಲ್ಲಿರುವುದು ಪದದ ಧ್ವನಿಬಿಂಬ ಮಾತ್ರ. ಶಬ್ದ ಮತ್ತು ಅರ್ಥಗಳನ್ನು ಹೀಗೆ ಬಿಡಿಸಿ ನೋಡಿದ್ದು 1916ರಲ್ಲಿ ಅಚ್ಚಾದ ಸಸ್ಯೂರನ ಉಪನ್ಯಾಸಗಳ ಓದುಗರಿಗೆ ಪರಿಚಿತವೆನಿಸಬಹುದು. ಇದನ್ನು ಭರ್ತೃಹರಿಯ ಸ್ಫೋಟವಾದದೊಡನೆ ಸಮೀಕರಿಸುವ ಆತುರ ಮಾತ್ರ ಸಲ್ಲದು. ವೆರ್ನಿಕೆಯ ಧ್ವನಿಬಿಂಬ ಅಖಂಡವೂ ಅಲ್ಲ, ಅರ್ಥವನ್ನು ಒಳಗೊಂಡದ್ದೂ ಅಲ್ಲ.

ಇದೇ ತರ್ಕದಿಂದ ಅವನು ಇನ್ನೊಂದು ಬಗೆಯ ಅಫೇಸಿಯಾವನ್ನು ಊಹಿಸಿದನು. ಎರಡು ಕೇಂದ್ರಗಳೂ ಉಳಿದು ನಡುವಣ ದಾರಿ ಮಾತ್ರ ಕಡಿದರೆ, ರೋಗಿ ಇತರರ ಮಾತನ್ನು ತಿಳಿಯುತ್ತಾನೆ, ಸರಾಗವಾಗಿ ಮಾತನಾಡುತ್ತಾನೆ, ಆದರೆ ಪದಗಳ ಆಯ್ಕೆಯಲ್ಲಿ ಎಡವುತ್ತಾನೆ. ಕೇಳಿದ್ದನ್ನು ಮರಳಿ ನುಡಿಯಲಾಗದಿರುವುದು ಇದರ ಮುಖ್ಯ ಲಕ್ಷಣವೆಂದು ಇಂದಿನ ಪಠ್ಯಗಳು ಹೇಳುತ್ತವೆ. ಆ ಅಂಶವನ್ನು 1885ರಲ್ಲಿ ಒತ್ತಿಹೇಳಿದವನು ಲುಡ್ವಿಗ್ ಲಿಖ್ಟ್‌ಹೈಮ್. ವಿಚಿತ್ರವೆಂದರೆ, ಎಡಭಾಗದ ಮಹತ್ತ್ವವನ್ನು ಸಾರಿದ ಈ ಕೃತಿಯ ಪ್ರಸಿದ್ಧ ರೇಖಾಚಿತ್ರದಲ್ಲಿ ಬಲಗಡೆಯ ಮಿದುಳನ್ನು ಬಿಡಿಸಲಾಗಿದೆ.

ಕೃತಿಗೆ ಬಂದ ಕೀರ್ತಿ ಬದುಕನ್ನು ಸುಗಮಗೊಳಿಸಲಿಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ವೆಸ್ಟ್‌ಫಾಲ್‌ನ ಸಹಾಯಕನಾಗಿದ್ದ ಅವನು ಆಡಳಿತದೊಡನೆ ಮನಸ್ತಾಪ ಬಂದು 1878ರಲ್ಲಿ ಹೊರಬಂದನು. ಅನಂತರ ಏಳು ವರ್ಷ ಖಾಸಗಿ ವೈದ್ಯನಾಗಿದ್ದನು. ಮಿದುಳಿನ ರೋಗಗಳನ್ನು ಕುರಿತ ಮೂರು ಸಂಪುಟಗಳ ಗ್ರಂಥ ಆ ಅವಧಿಯದು. 1885ರಲ್ಲಿ ಬ್ರೆಸ್ಲಾವಿಗೆ ಅಧ್ಯಾಪಕನಾಗಿ ಮರಳಿದ ಮೇಲೆ ಹ್ಯೂಗೊ ಲೀಪ್‌ಮನ್, ಕಾರ್ಲ್ ಬೋನ್‌ಹೋಫರ್ ಮೊದಲಾದವರು ಅವನ ಬಳಿ ಕಲಿತರು. ಅಲ್ಲಿಯೂ ನಗರಾಡಳಿತದೊಡನೆ ವಿವಾದವಾಗಿ ಚಿಕಿತ್ಸಾಲಯ ಕೈತಪ್ಪಿತು.

ಟೀಕೆಯೂ ಬಂತು. 1891ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅಫೇಸಿಯಾ ಕುರಿತ ತನ್ನ ಪುಸ್ತಕದಲ್ಲಿ ಕೇಂದ್ರ ಮತ್ತು ದಾರಿಗಳೆಂಬ ಈ ವಿಂಗಡಣೆಯನ್ನೇ ಪ್ರಶ್ನಿಸಿದನು. ಭಾಷಾಶಾಸ್ತ್ರದ ಕಡೆಯಿಂದ ಹೇಳಬೇಕಾದ ಕೊರತೆ ಬೇರೊಂದಿದೆ. ವೆರ್ನಿಕೆಯ ಯೋಜನೆಯಲ್ಲಿ ಪದವಿದೆ, ವಾಕ್ಯವಿಲ್ಲ. ಕನ್ನಡದಂತೆ ಕ್ರಿಯಾಪದದ ಕೊನೆಯಲ್ಲಿ ಪುರುಷ, ಲಿಂಗ, ವಚನಗಳನ್ನು ಹೊರುವ ಭಾಷೆಯಲ್ಲಿ ರೋಗಿ ಕಳೆದುಕೊಳ್ಳುವುದು ಬರಿಯ ಧ್ವನಿಬಿಂಬವನ್ನೋ, ಪ್ರತ್ಯಯಗಳನ್ನು ಹೊಂದಿಸುವ ಕ್ರಮವನ್ನೋ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ. ಹಾಗಿದ್ದರೂ ಅಫೇಸಿಯಾದ ವರ್ಗೀಕರಣ ಇಂದಿಗೂ ಬಹುಪಾಲು ಅವನದೇ. ಕನ್ನಡಕ್ಕೆ ಅಳವಡಿಸಿದ ಪರೀಕ್ಷಾಸಾಮಗ್ರಿಯೂ ಆ ಹೆಸರುಗಳನ್ನೇ ಬಳಸುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಿಂದೆ ಸರಿದಿದ್ದ ಈ ಚಿಂತನೆಗೆ 1965ರಲ್ಲಿ ಅಮೆರಿಕದ ನಾರ್ಮನ್ ಗೆಶ್ವಿಂಡ್ ಮರುಜೀವ ಕೊಟ್ಟನು. ಅವನ ಹೆಸರಿನ ಕ್ಷೇತ್ರ ಸರಿಯಾಗಿ ಎಲ್ಲಿದೆಯೆಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲವೆಂದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು. ಪದಗಳ ಅರ್ಥಗ್ರಹಣಕ್ಕೆ ಆ ಕ್ಷೇತ್ರಕ್ಕಿಂತ ಟೆಂಪೊರಲ್ ಪಾಲಿಯ ಮುಂಭಾಗ ಮುಖ್ಯವೆಂದೂ, ಹಿಂಭಾಗದ ಕೆಲಸ ಪದದ ಧ್ವನಿರೂಪವನ್ನು ಒದಗಿಸುವುದೆಂದೂ 2015ರ ಸುಮಾರಿಗೆ ಕೆಲವು ಸಂಶೋಧಕರು ವಾದಿಸಿದರು. ಇದು ಪಠ್ಯಪುಸ್ತಕದ ವೆರ್ನಿಕೆಗೆ ವಿರುದ್ಧ. 1874ರ ವೆರ್ನಿಕೆಗೆ ಸಮೀಪ.

1904ರಲ್ಲಿ ಅವನು ಹಾಲೆ ವಿಶ್ವವಿದ್ಯಾಲಯಕ್ಕೆ ಹೋದನು. ಮರುವರ್ಷ ತುರಿಂಗಿಯಾದ ಕಾಡಿನಲ್ಲಿ ಸೈಕಲ್ ಸವಾರಿ ಮಾಡುತ್ತಿದ್ದಾಗ ಅಪಘಾತಕ್ಕೀಡಾಗಿ 1905ರ ಜೂನ್ 15ರಂದು ತೀರಿಕೊಂಡನು. ಆಗ ಅವನಿಗೆ ಐವತ್ತೇಳು ವರ್ಷ.