ಬೀರಬಲ್ ಸಾಹನಿಯವರು

ನಮ್ಮೂರು ಕಮಲಾಪುರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಹೊಲದ ಬದುವಿಗೆ ಒಟ್ಟಿದ ಕರಿಗಲ್ಲುಗಳ ಮೇಲೆ ಕುಳಿತು ಎಷ್ಟೋ ಪರೀಕ್ಷೆಗಳಿಗೆ ಓದಿದ್ದೇನೆ. ಆ ಕಲ್ಲು ಒಂದಾನೊಂದು ಕಾಲಕ್ಕೆ ಕುದಿಯುವ ಲಾವಾರಸವಾಗಿತ್ತೆಂಬುದು ಕಲಬುರಗಿಯ ಭೂಗೋಳದ ತರಗತಿಯಲ್ಲಿಯೇ ನನಗೆ ತಿಳಿದದ್ದು. ಅದರ ವಯಸ್ಸನ್ನು ಗಿಡಗಳಿಂದ ಅಳೆಯಹೊರಟವರು ಬೀರಬಲ್ ಸಾಹನಿಯವರು. ಕಲಾ ವಿಭಾಗದ ನಾನು ಅವರ ವಿಷಯ ಬರೆಯುವುದು ಸಾಹಸವೇ ಸರಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಸಾಹನಿಯವರು 1891ರ ನವೆಂಬರ್ 14ರಂದು, ಈಗ ಪಾಕಿಸ್ತಾನದಲ್ಲಿರುವ ಭೇರಾ ಎಂಬಲ್ಲಿ ಜನಿಸಿದರು. 1911ರಲ್ಲಿ ಲಾಹೋರಿನಲ್ಲಿ ಪದವಿ ಪಡೆದು ಕೇಂಬ್ರಿಜ್ಜಿಗೆ ಹೋಗಿ ಪ್ರಾಧ್ಯಾಪಕ ಸೀವರ್ಡರ ಶಿಷ್ಯರಾದರು. ದಕ್ಷಿಣ ಧ್ರುವದಿಂದ ಹಿಂದಿರುಗುತ್ತಿದ್ದ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು 1912ರಲ್ಲಿ ಚಳಿಗೂ ಹಸಿವಿಗೂ ಬಲಿಯಾದರು. ಅವರ ಬಳಿ ಸುಮಾರು 16 ಕಿಲೋ ಕಲ್ಲುಗಳು ದೊರೆತವು. ನಡೆಯಲಾರದ ಸ್ಥಿತಿಯಲ್ಲಿಯೂ ಆ ಭಾರವನ್ನು ಅವರು ಬಿಟ್ಟಿರಲಿಲ್ಲ! ಸೀವರ್ಡರು ಪರೀಕ್ಷಿಸಲಾಗಿ ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ, ನಾಲಗೆಯ ಆಕಾರದ ಎಲೆಯ ಅಚ್ಚು ಕಂಡಿತು. ಅದೇ ಕುಲದ ಎಲೆಗಳು ನಮ್ಮ ನೆರೆಯ ಸಿಂಗರೇಣಿಯ ಕಲ್ಲಿದ್ದಲ ಸೀಮೆಯಲ್ಲಿಯೂ ಇವೆ. ಇಂದು ಒಂದು ಮರವೂ ಇಲ್ಲದ ಹಿಮದ ನಾಡಿನಲ್ಲಿ ಹಿಂದೆ ಕಾಡಿತ್ತೆಂದಾಯಿತು. ಭಾರತದ ಇಂಥ ಸಸ್ಯಗಳನ್ನು ಕುರಿತು ಗುರುಶಿಷ್ಯರು ಕೂಡಿ 1920ರಲ್ಲಿ ಗ್ರಂಥವನ್ನು ಹೊರತಂದರು. ಭೂಖಂಡಗಳು ಸರಿದಾಡುತ್ತವೆಂಬ ವೇಗೆನರ್‌ನ ವಾದವನ್ನು ಸಾಹನಿಯವರು 1936ರಲ್ಲಿ ಕಲ್ಲಾದ ಗಿಡಗಳ ಸಾಕ್ಷ್ಯದಿಂದಲೇ ತೂಗಿ ನೋಡಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1921ರಿಂದ ಅವರು ಲಖನೌ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಇನ್ನು ನಮ್ಮ ಕರಿಗಲ್ಲಿನ ಮಾತು. ದಖನ್ನಿನ ಲಾವಾ ಒಂದೇ ಸಲ ಹರಿದುದಲ್ಲ. ನಡುನಡುವೆ ಬಿಡುವು ಸಿಕ್ಕಾಗ ಕೆರೆಗಳಾದವು, ಗಿಡಗಳು ಬೆಳೆದವು. ಮುಂದಿನ ಹರಿವು ಅವುಗಳನ್ನು ಮುಚ್ಚಿತು. ಗುರುಮಠಕಲ್ಲಿನ ಬಳಿಯೂ ಅಂಥ ಪದರಗಳಿವೆ. ಸಾಹನಿಯವರು ಪರೀಕ್ಷಿಸಿದ್ದು ಮಧ್ಯಪ್ರದೇಶದ ಛಿಂದವಾಡಾ ಸೀಮೆಯವನ್ನು. ಅಲ್ಲಿ ತಾಳೆಯ ಜಾತಿಯ ಮರಗಳೂ, ಅಜೋಲಾ ಎಂಬ ನೀರಿನ ಜರಿಗಿಡವೂ, ಸಮುದ್ರದ ಅಳಿವೆಗಳಲ್ಲಿ ಬೆಳೆಯುವ ನೀಪಾದ ಕಾಯಿಯೂ ಕಲ್ಲಾಗಿ ಸಿಕ್ಕವು. ನಾಡಿನ ನಡುವೆ ಸಮುದ್ರದಂಚಿನ ಗಿಡ! ಇವುಗಳಿಂದ ಅವರು ಲಾವಾ ಹರಿದದ್ದು ಡೈನೋಸಾರ್‌ಗಳ ಯುಗ ಮುಗಿದ ಮೇಲೆ ಎಂದು ವಾದಿಸಿದರು. ಈಗಿನ ಲೆಕ್ಕದಂತೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಎರಡು ಯುಗಗಳ ಗಡಿಯಲ್ಲಿಯೇ ಹರಿಯಿತು. ಆದುದರಿಂದ ಅವರ ವಾದ ಪೂರ್ತಿ ನಿಲ್ಲಲಿಲ್ಲ. ಆದರೆ ಯಂತ್ರಗಳು ಕಲ್ಲಿನ ವಯಸ್ಸು ಹೇಳುವುದಕ್ಕೆ ಮುನ್ನ, ಒಂದು ಕಾಯಿಯಿಂದ ಅಷ್ಟು ಸಮೀಪಕ್ಕೆ ಬಂದದ್ದು ನನಗೆ ಸಣ್ಣದಾಗಿ ಕಾಣುವುದಿಲ್ಲ.

ಇಂಥ ಅಧ್ಯಯನಕ್ಕೆಂದೇ ಲಖನೌದಲ್ಲಿ ಒಂದು ಸಂಸ್ಥೆ ಕಟ್ಟಲು ಅವರು ಮುಂದಾದರು. ತಮ್ಮ ಗ್ರಂಥಗಳನ್ನೂ ಕಲ್ಲುಗಳನ್ನೂ ಅದಕ್ಕೇ ಕೊಟ್ಟರು. 1949ರ ಏಪ್ರಿಲ್ 3ರಂದು ಪಂಡಿತ ನೆಹರೂ ಶಂಕುಸ್ಥಾಪನೆ ಮಾಡಿದರು. ಆ ಅಡಿಗಲ್ಲಿನಲ್ಲಿಯೂ ಕಲ್ಲಾದ ಗಿಡಗಳನ್ನು ಕೂಡಿಸಲಾಗಿತ್ತು. ಏಳೇ ದಿನಗಳಲ್ಲಿ, ಏಪ್ರಿಲ್ 10ರಂದು, ಸಾಹನಿಯವರು ಹೃದಯಾಘಾತದಿಂದ ತೀರಿಕೊಂಡರು. ಸಂಸ್ಥೆಯ ಹೊಣೆಯನ್ನು ಹೊತ್ತವರು ಪತ್ನಿ ಸಾವಿತ್ರಿಯವರು. 1953ರಲ್ಲಿ ಕಟ್ಟಡದ ಉದ್ಘಾಟನೆಯಾಯಿತು. ಆ ನಾಲ್ಕು ವರ್ಷ ಆಕೆ ಹೇಗೆ ಕಳೆದಿರಬೇಕೆಂದು ನಾನು ಆಗಾಗ ಯೋಚಿಸುವುದುಂಟು.

ಕಳೆದ ರಜೆಯಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಸುತ್ತಿಗೆ ತಂದು ಬದುವಿನ ಒಂದು ಕಲ್ಲನ್ನು ಒಡೆದರು. ಲಾವಾದೊಳಗೆ ಎಲೆ ಇರುವುದಿಲ್ಲ, ಪದರಗಳ ನಡುವೆ ಇರುತ್ತದೆ ಎಂದೆ. ಮೊದಲೇ ಹೇಳಬಾರದಿತ್ತೇ ಎಂದು ನಕ್ಕು, ಎರಡೂ ಹೋಳುಗಳನ್ನು ಮತ್ತೆ ಬದುವಿನ ಮೇಲೆಯೇ ಇಟ್ಟರು.